ಹಾಡಿನ ಎಪಿಸೋಡ್ ಒಂದೇ ನೋಡುವುದಾದರೆ ಬಫಿಯೋ, ಸ್ಕ್ರಬ್ಸೋ, ಸ್ಟಾರ್ ಟ್ರೆಕ್ಕೋ?

ವರ್ಷಗಟ್ಟಲೆ ಮಾತಿನಲ್ಲೇ ನಡೆದ ಇಂಗ್ಲಿಷ್ ಧಾರಾವಾಹಿ ಒಂದು ವಾರ ಇದ್ದಕ್ಕಿದ್ದಂತೆ ಹಾಡತೊಡಗುತ್ತದೆ. ಡಾಕ್ಟರು, ನರ್ಸು, ಅಂತರಿಕ್ಷ ನೌಕೆಯ ಕ್ಯಾಪ್ಟನ್, ಪಿಶಾಚಿ ಬೇಟೆಯಾಡುವ ಹುಡುಗಿ, ಎಲ್ಲರೂ ಒಂದು ಎಪಿಸೋಡಿನ ಮಟ್ಟಿಗೆ ಹಾಡಿ ಕುಣಿದು ಮುಂದಿನ ವಾರ ಮತ್ತೆ ಮಾತಿಗೆ ಮರಳುತ್ತಾರೆ. ಇಂಥವು ಹತ್ತಾರಿವೆ. ಒಂದನ್ನಾದರೂ ನೋಡೋಣ ಎಂದು ಹೊರಟವರಿಗೆ ಯಾವುದರಿಂದ ಶುರುಮಾಡಬೇಕೆಂಬುದೇ ತಲೆಬಿಸಿ. ಶಿವಮೊಗ್ಗದ ಪಿಜಿಯಲ್ಲಿ ಫೋನು ಹಿಡಿದು ಕೂತ ವಿದ್ಯಾರ್ಥಿಗೆ ಹಿಡಿಸಿದ್ದು, ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳ ಜೊತೆ ಟಿವಿ ಮುಂದೆ ಕೂತವರಿಗೆ ಹಿಡಿಸುವುದಿಲ್ಲ. ಸಾಗರ, ಹೆಗ್ಗೋಡಿನ ನಾಟಕದವರಿಗೆ ಬೇಕಾದ್ದು ಬೇರೆಯದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆರಿಸಬೇಕಾದ್ದು ಹಾಡು ಎಷ್ಟು ಚೆಂದ ಎಂದು ನೋಡಿಯಲ್ಲ. ಅದಕ್ಕಿಂತ ಹಿಂದಿನ ಕತೆಯನ್ನು ನೋಡಲು ನಿಮಗೆಷ್ಟು ಪುರುಸೊತ್ತಿದೆ ಎಂದು ನೋಡಿ. ಮನಸ್ಸಿಗೆ ನಾಟುವ ಎಪಿಸೋಡುಗಳೇ ಹೆಚ್ಚು ಪೂರ್ವತಯಾರಿ ಕೇಳುತ್ತವೆ. ಸೀದಾ ಹೋಗಿ ಕೂತರೂ ಅರ್ಥವಾಗುವಂಥವು ಹಗುರವಾಗಿರುತ್ತವೆ. ಎರಡನ್ನೂ ಸ್ವಲ್ಪ ಸ್ವಲ್ಪ ಕೊಡುವುದು ಸ್ಕ್ರಬ್ಸ್ ಒಂದೇ.

ಅಳೆಯುವುದು ಹೇಗೆ

ಹಾಡಿಗೆ ಕಾರಣ ಬೇಕು ಎಂಬ ಯೋಚನೆಯೇ ನಮ್ಮಲ್ಲಿಲ್ಲ. ಹೊಸನಗರದ ಬಯಲಾಟದಲ್ಲಿ ಭಾಗವತರು ಪದ್ಯ ಎತ್ತಿದರೆಂದರೆ ಕತೆ ಮುಂದೆ ಹೋಯಿತೆಂದೇ ಲೆಕ್ಕ. ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ಯಾರೂ 'ಈ ರಾಜ ಯಾಕೆ ಹಾಡಿನಲ್ಲಿ ಮಾತಾಡುತ್ತಿದ್ದಾನೆ' ಎಂದು ಕೇಳುವುದಿಲ್ಲ. ಅಮೆರಿಕದ ಧಾರಾವಾಹಿಗೆ ಮಾತ್ರ ನೆಪ ಬೇಕೇ ಬೇಕು. 1956ರಲ್ಲೇ 'ಐ ಲವ್ ಲೂಸಿ' ಸ್ಕಾಟ್‌ಲೆಂಡಿನ ಕನಸೊಂದನ್ನು ನೆಪ ಮಾಡಿಕೊಂಡು ಹಾಡಿತ್ತು. ಅಲ್ಲಿಂದೀಚೆಗೆ ನೆಪಗಳು ಸುತ್ತಿ ಸುತ್ತಿ ನಾಲ್ಕೇ: ಮಾಟ, ಮಿದುಳಿನ ಪೆಟ್ಟು ಅಥವಾ ಕನಸು, ವಿಜ್ಞಾನದ ಎಡವಟ್ಟು, ಇಲ್ಲವೇ ಕತೆಯೊಳಗೇ ಯಾರೋ ನಾಟಕ ಆಡುವುದು.

ನೆಪ ಯಾವುದಿದ್ದರೂ ಸರಿ, ಅದು ಹಾಡಿಗೆ ಏನು ಕೆಲಸ ಕೊಡುತ್ತದೆ ಎಂಬುದು ಮೊದಲ ಅಳತೆ. ಪದ್ಯ ತೆಗೆದುಹಾಕಿದರೆ ಪ್ರಸಂಗ ನಿಂತುಹೋಗುತ್ತದೆಯೇ? ಹೌದಾದರೆ ಅದು ಗಟ್ಟಿ. ಹಾಡು ಹಾರಿಸಿ ನೋಡಿದರೂ ಕತೆ ಪೂರ್ತಿ ಸಿಕ್ಕರೆ ಅದು ಅಲಂಕಾರ ಅಷ್ಟೆ.

ಎರಡನೆಯದು ಪೂರ್ವತಯಾರಿ, ಗಂಟೆಗಳ ಲೆಕ್ಕದಲ್ಲಿ. ಮೂರನೆಯದು ಹಾಡು ಹೊಸದೋ ಹಳೆಯದೋ ಎಂಬುದು. ಹೊಸದಾಗಿ ಬರೆದ ಹಾಡು ಪಾತ್ರದ ಬಾಯಿಗೆ ಸರಿಯಾಗಿ ಹೊಂದುತ್ತದೆ. ಹಳೆಯ ಜನಪ್ರಿಯ ಹಾಡನ್ನು ಎರವಲು ತಂದಿದ್ದರೆ, ಆ ಹಾಡು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದರ ರುಚಿ. ಅಮೆರಿಕದ ರೇಡಿಯೋ ಕೇಳಿ ಬೆಳೆಯದ ನಮಗೆ ಇದು ಸಣ್ಣ ವಿಷಯವಲ್ಲ. ನಾಲ್ಕನೆಯದು ಪದಗಳ ವೇಗ. ಹಾಡಿನ ಇಂಗ್ಲಿಷ್ ಮಾತಿನ ಇಂಗ್ಲಿಷಿಗಿಂತ ಕಷ್ಟ, ಜೋಕು ಪ್ರಾಸದಲ್ಲಿ ಅಡಗಿರುವಾಗ ಇನ್ನೂ ಕಷ್ಟ. ಐದನೆಯದು ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದು. ದುಡ್ಡು ಮತ್ತು ಡೇಟಾದ ವಿಷಯ ಕೊನೆಗೆ ಬರುತ್ತದೆ.

ಬಫಿ: ಶ್ರಮ ಜಾಸ್ತಿ, ಫಲವೂ ಜಾಸ್ತಿ

ಪಿಶಾಚಿ ಬೇಟೆಯಾಡುವ ಹುಡುಗಿ ಬಫಿಯ ಕತೆ 'ಬಫಿ ದಿ ವ್ಯಾಂಪೈರ್ ಸ್ಲೇಯರ್'ನ 6ನೇ ಸೀಸನ್ನಿನ 7ನೇ ಕಂತು 'ಒನ್ಸ್ ಮೋರ್, ವಿತ್ ಫೀಲಿಂಗ್', 2001ರ ನವೆಂಬರ್ 6ರಂದು ಪ್ರಸಾರವಾಯಿತು. ಈ ಜಾತಿಯ ಎಪಿಸೋಡುಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಇದೇ, ಅದು ಸುಮ್ಮನೆ ಬಂದದ್ದಲ್ಲ. ಬರೆದು ನಿರ್ದೇಶಿಸಿದ ಜಾಸ್ ವೀಡನ್ ಹಾಡುಗಳನ್ನೂ ತಾನೇ ಕಟ್ಟಿದ. ನೃತ್ಯ ಸಂಯೋಜನೆ ಆಡಮ್ ಶ್ಯಾಂಕ್‌ಮನ್‌ದು. ಊರಿಗೆ ಬಂದ ರಕ್ಕಸನ ಪಾತ್ರಕ್ಕೆ ಮೂರು ಬಾರಿ ಟೋನಿ ಪ್ರಶಸ್ತಿ ಪಡೆದ ರಂಗನಟ ಹಿಂಟನ್ ಬ್ಯಾಟಲ್‌ನನ್ನು ಕರೆಸಿದರು. ಉಳಿದವರು ಧಾರಾವಾಹಿಯ ಮಾಮೂಲಿ ನಟರು, ಹೆಚ್ಚಿನವರು ವೃತ್ತಿ ಗಾಯಕರಲ್ಲ, ತಮ್ಮ ಕಂಠದಲ್ಲೇ ಹಾಡಿದ್ದಾರೆ. ಕೆಲವು ಕಡೆ ಸ್ವರ ತುಸು ಅಲುಗುತ್ತದೆ. ಅದರಿಂದ ಹಾಡಿಗೆ ನಷ್ಟವೇನೂ ಆಗಿಲ್ಲ, ಪಾತ್ರವೇ ಹಾಡುತ್ತಿದೆ ಎಂಬ ನಂಬಿಕೆ ಉಳಿದಿದೆ.

ನೆಪ ಮಾಟ. ಊರಿನವರು ತಮಗೇ ತಿಳಿಯದಂತೆ ಹಾಡತೊಡಗುತ್ತಾರೆ. ಹಾಡಿನಲ್ಲಿ ಸುಳ್ಳು ಹೇಳಲಾಗುವುದಿಲ್ಲ. ಅತಿಯಾಗಿ ಕುಣಿದವರು ಹೊತ್ತಿ ಉರಿದು ಸಾಯುತ್ತಾರೆ. ಈ ಮೂರು ನಿಯಮದಲ್ಲೇ ಇಡೀ ಎಪಿಸೋಡಿನ ಜೀವವಿದೆ. ಒಬ್ಬೊಬ್ಬರೂ ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡದ್ದು ಬಾಯಿಂದ ಹೊರಬೀಳುತ್ತದೆ. ಬಫಿ ಗೆಳೆಯರಿಂದ ಬಚ್ಚಿಟ್ಟ ದೊಡ್ಡ ಗುಟ್ಟೂ ಹೀಗೆಯೇ ಬಯಲಾಗುತ್ತದೆ. ಹಾಡು ತೆಗೆದರೆ ಈ ಕತೆಯೇ ಇಲ್ಲ.

ಆದರೆ ಗುಟ್ಟು ಬಯಲಾದದ್ದರ ಪೆಟ್ಟು ತಾಗಬೇಕಾದರೆ ಗುಟ್ಟು ಹುಟ್ಟಿದ್ದು ಹೇಗೆಂದು ಗೊತ್ತಿರಬೇಕು. ಆರು ಸೀಸನ್ ನೋಡಲು ಆಗದವರು ಐದೇ ಕಂತು ನೋಡಿದರೆ ಸಾಕು: 5ನೇ ಸೀಸನ್ನಿನ ಕೊನೆಯ ಕಂತು 'ದಿ ಗಿಫ್ಟ್', 6ನೇ ಸೀಸನ್ನಿನ ಮೊದಲೆರಡು ಕಂತು ಸೇರಿದ 'ಬಾರ್ಗೇನಿಂಗ್', 3ನೇ ಕಂತು 'ಆಫ್ಟರ್ ಲೈಫ್', 6ನೇ ಕಂತು 'ಆಲ್ ದಿ ವೇ'. ಒಂದೊಂದೂ ಮುಕ್ಕಾಲು ಗಂಟೆಯೊಳಗಿನದು, ಒಟ್ಟು ಮೂರೂವರೆ ಗಂಟೆ ಹಿಡಿಯುತ್ತದೆ. 'ಆಲ್ ದಿ ವೇ' ಸಪ್ಪೆಯೆಂದು ಹಲವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಬಫಿಯ ಗೆಳತಿ ವಿಲೋ ಮತ್ತು ವಿಲೋಳ ಪ್ರೇಯಸಿ ಟಾರಾ ನಡುವೆ ನಡೆದದ್ದೇನೆಂದು ಗೊತ್ತಾಗದೆ, ಟಾರಾ ಹಾಡುವ ಪ್ರೇಮಗೀತೆ ಬರೀ ಪ್ರೇಮಗೀತೆಯಾಗಿಯೇ ಕೇಳಿಸುತ್ತದೆ. ಆ ಹಾಡಿಗೆ ಎರಡನೇ ಅರ್ಥವೊಂದಿದೆ, ಅದು ಹಾಡುವವಳಿಗೇ ಆಗ ಗೊತ್ತಿರುವುದಿಲ್ಲ. ಹಾಡಿನ ಎಪಿಸೋಡ್ ಮುಗಿದ ಕೂಡಲೇ 8ನೇ ಕಂತನ್ನೂ ನೋಡಿಬಿಡಿ. ಹಾಡಿನಲ್ಲಿ ಆದ ಗಾಯಕ್ಕೆ ಏನಾಯಿತೆಂಬುದು ಅಲ್ಲಿದೆ.

ಎಡವಟ್ಟಾಗುವುದು ಎರಡು ಕಡೆ. ಮೊದಲ ಪ್ರಸಾರದಲ್ಲಿ ಇದು ಮಾಮೂಲಿ ಕಂತಿಗಿಂತ ಉದ್ದವಿತ್ತು, ಸುಮಾರು 50 ನಿಮಿಷ. ಮರುಪ್ರಸಾರಕ್ಕೆಂದು ಕತ್ತರಿಸಿದ ಆವೃತ್ತಿಯೂ ಇದೆ. ನಿಮ್ಮ ಆ್ಯಪ್‌ನಲ್ಲಿ ಅವಧಿ 42-43 ನಿಮಿಷ ಎಂದಿದ್ದರೆ ಅದು ಕತ್ತರಿ ಬಿದ್ದದ್ದು. ಇನ್ನೊಂದು ಚಿತ್ರದ ಅಳತೆ. ಬಫಿಯ ಉಳಿದ ಕಂತುಗಳು ಹಳೆಯ ಟಿವಿಯ ಚೌಕ ಅಳತೆಯವು, ಇದೊಂದು ಅಗಲ ಪರದೆಗೆಂದು ತೆಗೆದದ್ದು. ಇತ್ತೀಚೆಗೆ ಎಚ್‌ಡಿಗೆ ಮಾಡಿದ ಆವೃತ್ತಿಯಲ್ಲಿ ಉಳಿದ ಕಂತುಗಳನ್ನೂ ಬಲವಂತವಾಗಿ ಅಗಲಿಸಲು ಹೋಗಿ, ತಲೆ ಕತ್ತರಿಸಿ, ಚೌಕಟ್ಟಿನಾಚೆಯ ಸಾಮಾನೂ ಕಾಣುವಂತೆ ಮಾಡಿಟ್ಟಿದ್ದಾರೆ. ಚೌಕದ್ದೇ ಸಿಕ್ಕರೆ ಅದನ್ನೇ ನೋಡಿ, ಟಿವಿಯ ಜೂಮ್ ಆಫ್ ಮಾಡಿಡಿ.

ಸಣ್ಣ ಮಕ್ಕಳಿಗೆ ಬೇಡ. ಸಾವಿದೆ, ಮುಚ್ಚುಮರೆಯಿಲ್ಲದ ಪ್ರಣಯವೂ ಇದೆ.

ಸ್ಕ್ರಬ್ಸ್: ಅರ್ಧ ಗಂಟೆಯೊಳಗೆ ಮುಗಿಯಬೇಕೆಂದರೆ

ಆಸ್ಪತ್ರೆಯ ಹಾಸ್ಯ ಧಾರಾವಾಹಿ 'ಸ್ಕ್ರಬ್ಸ್'ನ 6ನೇ ಸೀಸನ್ನಿನ 6ನೇ ಕಂತು 'ಮೈ ಮ್ಯೂಸಿಕಲ್', ಪ್ರಸಾರ 2007ರ ಜನವರಿ 18. ಹೆಂಗಸೊಬ್ಬಳು ಪಾರ್ಕಿನಲ್ಲಿ ಕುಸಿದು ಬೀಳುತ್ತಾಳೆ. ಎಚ್ಚರವಾದ ಮೇಲೆ ಅವಳ ಕಿವಿಗೆ ಎಲ್ಲರೂ ಹಾಡುತ್ತಿರುವಂತೆ ಕೇಳಿಸುತ್ತದೆ. ಮಿದುಳಿನ ರಕ್ತನಾಳ ಊದಿಕೊಂಡದ್ದೇ ಅದಕ್ಕೆ ಕಾರಣ. ನೆಪಗಳಲ್ಲೆಲ್ಲ ಇದೇ ಅಚ್ಚುಕಟ್ಟು: ಹಾಡೇ ರೋಗಲಕ್ಷಣ, ವಾಸಿಯಾದರೆ ಹಾಡೂ ನಿಲ್ಲುತ್ತದೆ. ನಗಿಸುತ್ತಲೇ ಒಂದು ಭಯವನ್ನು ಒಳಗೆ ಇಟ್ಟುಕೊಂಡಿರುವ ಕತೆ.

ರೋಗಿಯ ಪಾತ್ರ ಮಾಡಿದ ಸ್ಟೆಫನಿ ಡಿಅಬ್ರೂಜೊ ನ್ಯೂಯಾರ್ಕಿನ ವೃತ್ತಿ ರಂಗಭೂಮಿ ಬ್ರಾಡ್‌ವೇಯ 'ಅವೆನ್ಯೂ ಕ್ಯೂ' ನಾಟಕದವರು. ಹಲವು ಹಾಡುಗಳಿಗೆ ಕೈಹಾಕಿದ ರಾಬರ್ಟ್ ಲೋಪೆಜ್ ಮತ್ತು ಜೆಫ್ ಮಾರ್ಕ್ಸ್ ಕೂಡ ಅದೇ ನಾಟಕದವರೇ. ಲೋಪೆಜ್ ಮುಂದೆ ಹೆಂಡತಿಯ ಜೊತೆಗೂಡಿ ಡಿಸ್ನಿಯ 'ಫ್ರೋಜನ್'ಗೆ ಹಾಡು ಬರೆದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದವರಿಗೆ ಆ ಕೈಯ ಪರಿಚಯ ಸಾಕುಸಾಕಾಗುವಷ್ಟಿರುತ್ತದೆ.

ಪೂರ್ವತಯಾರಿ ಸೊನ್ನೆ. ನೋಡುಗನಂತೆ ಆ ಹೆಂಗಸೂ ಆಸ್ಪತ್ರೆಗೆ ಹೊಸಬಳಾದ್ದರಿಂದ ಯಾರು ಯಾರೆಂದು ಅವಳ ಜೊತೆಗೇ ನಮಗೂ ತಿಳಿಯುತ್ತದೆ. ಜೆ.ಡಿ. ಮತ್ತು ಟರ್ಕ್ ಜೀವದ ಗೆಳೆಯರು, ಟರ್ಕ್‌ನ ಹೆಂಡತಿ ಕಾರ್ಲಾ ಬಾಣಂತನದ ರಜೆ ಮುಗಿಸಿ ಕೆಲಸಕ್ಕೆ ಮರಳುವ ಗೊಂದಲದಲ್ಲಿದ್ದಾಳೆ ಎಂಬಷ್ಟು ಗೊತ್ತಿದ್ದರೆ ಧಾರಾಳ ಆಯಿತು.

ತೊಡಕಿರುವುದು ಮಾತಿನ ವೇಗದಲ್ಲಿ. ವೈದ್ಯಕೀಯ ಪದ, ಪ್ರಾಸ, ದ್ವಂದ್ವಾರ್ಥ ಮೂರೂ ಒಟ್ಟಿಗೆ ಓಡುತ್ತವೆ. ಸಬ್‌ಟೈಟಲ್ ಇಲ್ಲದೆ ನೋಡಿದರೆ ಅರ್ಧ ಜೋಕು ಕೈತಪ್ಪುತ್ತದೆ. ಎಲ್ಲ ಕಾಯಿಲೆಯ ಮೂಲ ಮಲಪರೀಕ್ಷೆಯಲ್ಲೇ ಸಿಗುತ್ತದೆ ಎಂದು ಡಾಕ್ಟರಿಬ್ಬರು ಸಂಭ್ರಮದಿಂದ ಹಾಡುವ ಹಾಡೊಂದಿದೆ. ರಾತ್ರಿ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂರುವ ಅಭ್ಯಾಸದವರು ಊಟ ಮುಗಿಸಿಯೇ ಹಾಕಿಕೊಳ್ಳಿ ಮಾರಾಯ್ರೆ.

ಸ್ಟಾರ್ ಟ್ರೆಕ್: ನಡುದಾರಿ

'ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ 2ನೇ ಸೀಸನ್ನಿನ 9ನೇ ಕಂತು 'ಸಬ್‌ಸ್ಪೇಸ್ ರಾಪ್ಸಡಿ' ಬಂದದ್ದು 2023ರ ಆಗಸ್ಟ್ 3ರಂದು. 1966ರಿಂದ ನಡೆದುಬಂದ ಸ್ಟಾರ್ ಟ್ರೆಕ್ ಪರಂಪರೆಯಲ್ಲಿ ಪೂರ್ತಿ ಹಾಡಿನ ಎಪಿಸೋಡ್ ಇದೇ ಮೊದಲು. 'ಲೆಟರ್ಸ್ ಟು ಕ್ಲಿಯೋ' ಬ್ಯಾಂಡಿನ ಕೇ ಹ್ಯಾನ್ಲಿ ಮತ್ತು ಟಾಮ್ ಪೋಲ್ಸ್ ಹಾಡು ಬರೆದರು. ಅಂತರಿಕ್ಷದ ಬಿರುಕೊಂದಕ್ಕೆ ನೌಕೆಯವರು ಸಂಗೀತ ಕಳಿಸಿ ನೋಡಲು ಹೋಗುತ್ತಾರೆ, ಅದು ತಿರುಗಿ ಇವರನ್ನೇ ಹಾಡಿಸುತ್ತದೆ. ಬಫಿಯ ನಿಯಮವೇ ಇಲ್ಲಿಯೂ ಇದೆ, ಭಾವನೆ ಉಕ್ಕಿದರೆ ಹಾಡು ತಡೆಯಲಾಗದು. ಬಿಗುಮಾನದ ಅಧಿಕಾರಿಗಳಿಗೆ ಗುಟ್ಟು ಹೊರಬೀಳುವುದೇ ಅಪಾಯ ಎಂಬಲ್ಲಿ ಇದರ ಹಾಸ್ಯವಿದೆ, ನೋವೂ ಅಲ್ಲೇ ಇದೆ.

ಎರಡು ಕಂತು ನೋಡಿ ಬಂದರೆ ಸಾಕು. 2ನೇ ಸೀಸನ್ನಿನ 3ನೇ ಕಂತಿನಲ್ಲಿ ಲಾನ್ ಎಂಬ ಭದ್ರತಾ ಅಧಿಕಾರಿಗೂ ಕರ್ಕ್ ಎಂಬ ಇನ್ನೊಬ್ಬ ನೌಕಾಧಿಕಾರಿಗೂ ನಡುವೆ ಏನಾಯಿತೆಂದಿದೆ, 5ನೇ ಕಂತಿನಲ್ಲಿ ನೌಕೆಯ ವಿಜ್ಞಾನ ಅಧಿಕಾರಿ ಸ್ಪಾಕ್ ಮತ್ತು ನರ್ಸ್ ಚಾಪೆಲ್ ವಿಷಯವಿದೆ. ಒಟ್ಟು ಎರಡು ಗಂಟೆಯೊಳಗಿನ ಕೆಲಸ. ಇವೆರಡನ್ನು ಬಿಟ್ಟರೆ ಲಾನ್‌ಳ ಒಂಟಿ ಹಾಡು ಸುಮ್ಮನೆ ಉದ್ದವೆನಿಸುತ್ತದೆ, ನೋಡಿಕೊಂಡು ಬಂದರೆ ಇಡೀ ಎಪಿಸೋಡಿನ ಅತಿ ಒಳ್ಳೆಯ ಹಾಡು ಅದೇ. ಉಹುರಾ ಪಾತ್ರದ ಸೆಲಿಯಾ ರೋಸ್ ಗುಡಿಂಗ್ ಬ್ರಾಡ್‌ವೇಯಲ್ಲಿ ಹಾಡಿ ಬಂದವರು. ಅವರ ಕಂಠಕ್ಕೂ ಉಳಿದವರದ್ದಕ್ಕೂ ಇರುವ ಅಂತರ ಎದ್ದು ಕಾಣುತ್ತದೆ.

ಹೊಸ ಧ್ವನಿಮುದ್ರಣ, ಬಿಡಿಸಿ ಹೇಳುವ ಉಚ್ಚಾರ, ಆದ್ದರಿಂದ ಇಂಗ್ಲಿಷ್ ಹಿಡಿಯುವುದು ಇಲ್ಲಿಯೇ ಸುಲಭ. ಹದಿಹರೆಯದ ಮಕ್ಕಳ ಜೊತೆ ಮುಜುಗರವಿಲ್ಲದೆ ನೋಡಬಹುದು. ಕೊರತೆಯೆಂದರೆ ಹಾಡುಗಳ ಅಚ್ಚು ಬಹುತೇಕ ಒಂದೇ, ಎಲ್ಲವೂ ಇಂದಿನ ಬ್ರಾಡ್‌ವೇ ಪಾಪ್. ಬಫಿಯಲ್ಲಿ ರಾಕ್, ಟ್ಯಾಪ್ ಡ್ಯಾನ್ಸ್, ಹಳೆಯ ಸಿನಿಮಾ ಶೈಲಿಯ ಯುಗಳಗೀತೆ ಒಂದರ ಹಿಂದೊಂದು ಬರುತ್ತವೆ. ಇಲ್ಲಿ ಅಂಥ ಬದಲಾವಣೆ ಒಂದೇ ಕಡೆ, ಕ್ಲಿಂಗನ್ನರೆಂಬ ಅನ್ಯಗ್ರಹದ ಯೋಧರು ಬಾಯಿ ತೆರೆದಾಗ.

ಗ್ರೇಸ್ ಅನಾಟಮಿ, ದಿ ಫ್ಲ್ಯಾಶ್, ಲೂಸಿಫರ್: ಎರವಲು ಹಾಡಿನವು

'ಗ್ರೇಸ್ ಅನಾಟಮಿ'ಯ 7ನೇ ಸೀಸನ್ನಿನ 18ನೇ ಕಂತು (2011ರ ಮಾರ್ಚ್ 31) ಹೆಚ್ಚು ಜಗಳ ಎಬ್ಬಿಸಿದ್ದು. ಗರ್ಭಿಣಿ ಡಾಕ್ಟರ್ ಕ್ಯಾಲಿಗೆ ಕಾರು ಅಪಘಾತವಾಗುತ್ತದೆ, ಪೆಟ್ಟು ಬಿದ್ದ ಮಿದುಳಿಗೆ ಸಹೋದ್ಯೋಗಿಗಳು ಹಾಡುವಂತೆ ಕಾಣುತ್ತದೆ. ಕ್ಯಾಲಿ ಪಾತ್ರದ ಸಾರಾ ರಾಮಿರೆಜ್ 'ಸ್ಪ್ಯಾಮಲಾಟ್' ನಾಟಕಕ್ಕೆ ಟೋನಿ ಪಡೆದವರು, ಕೊನೆಯ ಹಾಡು ಅದನ್ನು ನೆನಪಿಸುತ್ತದೆ. ಆದರೆ ಇಲ್ಲಿನ ಹಾಡುಗಳು ಹೊಸವಲ್ಲ. 'ಚೇಸಿಂಗ್ ಕಾರ್ಸ್', 'ಹೌ ಟು ಸೇವ್ ಅ ಲೈಫ್' ಹೀಗೆ ಹಿಂದಿನ ಸೀಸನ್ನುಗಳಲ್ಲಿ ಹಿನ್ನೆಲೆಯಲ್ಲಿ ಬಂದುಹೋದವನ್ನೇ ಈಗ ಡಾಕ್ಟರುಗಳ ಬಾಯಲ್ಲಿ ಹಾಡಿಸಿದ್ದಾರೆ. ಆರೂವರೆ ಸೀಸನ್ ನೋಡಿದವರಿಗೆ ನೆನಪು ಉಕ್ಕುತ್ತದೆ. ಹೊಸಬರಿಗೆ, ಆಪರೇಷನ್ ಟೇಬಲ್ಲಿನ ಮೇಲೆ ರಕ್ತ ಹರಿಯುತ್ತಿರುವಾಗ ಇವರು ಯಾಕೆ ಹಾಡುತ್ತಿದ್ದಾರೆಂಬ ಕಿರಿಕಿರಿಯೇ ಉಳಿಯುತ್ತದೆ. ಈಗಾಗಲೇ ಧಾರಾವಾಹಿ ನೋಡುತ್ತಿರುವವರು ಆ ಜಾಗಕ್ಕೆ ಬಂದಾಗ ನೋಡಿ, ಇದೊಂದಕ್ಕಾಗಿ ಶುರುಮಾಡಬೇಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರ ಜೊತೆ ನೋಡುವುದಂತೂ ಬೇಡವೇ ಬೇಡ.

'ದಿ ಫ್ಲ್ಯಾಶ್'ನ 3ನೇ ಸೀಸನ್ನಿನ 17ನೇ ಕಂತು 'ಡ್ಯುಯೆಟ್' (2017) ಮನೆಮಂದಿಯೆಲ್ಲ ಕೂತು ನೋಡಬಹುದಾದ್ದು. ಫ್ಲ್ಯಾಶ್ ಮತ್ತು ಸೂಪರ್‌ಗರ್ಲ್ ಎಂಬ ಸೂಪರ್‌ಹೀರೋಗಳು ಹಳೆಯ ಕಾಲದ ಹಾಡಿನ ಸಿನಿಮಾದಂಥ ಕನಸಿನೊಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹೈಸ್ಕೂಲಿನ ಹಾಡುತಂಡದ ಧಾರಾವಾಹಿ 'ಗ್ಲೀ'ಯಿಂದ ಬಂದ ನಟರಿರುವುದರಿಂದ ಹಾಡುಗಾರಿಕೆ ಸಲೀಸು. ಐದು ಹಾಡುಗಳಲ್ಲಿ ಎರಡು ಹೊಸವು, ಅದರಲ್ಲೊಂದು 'ಲಾ ಲಾ ಲ್ಯಾಂಡ್'ಗೆ ಸಾಹಿತ್ಯ ಬರೆದ ಪಾಸೆಕ್ ಮತ್ತು ಪಾಲ್ ಜೋಡಿಯದು. ನಮ್ಮ ಅಳತೆಗೆ ಇಟ್ಟರೆ ಇದು ಅಲಂಕಾರದ ಗುಂಪಿನದು. ಹಾಡು ಹಾರಿಸಿದರೂ ಕತೆ ಎಲ್ಲೂ ತಪ್ಪುವುದಿಲ್ಲ. ಆದರೂ ಭಾನುವಾರ ಮಧ್ಯಾಹ್ನಕ್ಕೆ ಅಷ್ಟು ಸಾಕು.

ನೆಟ್‌ಫ್ಲಿಕ್ಸ್‌ನ 'ಲೂಸಿಫರ್' 5ನೇ ಸೀಸನ್ನಿನ 10ನೇ ಕಂತಿನಲ್ಲಿ (2021) ದೇವರೇ ಭೂಮಿಗೆ ಬಂದು ಎಲ್ಲರನ್ನೂ ಹಾಡಿಸುತ್ತಾನೆ. ಹಾಡುಗಳೆಲ್ಲ ಹಳೆಯವು, ಹಿಂದಿನ ಕತೆ ತಿಳಿಯದೆ ಅಪ್ಪ ದೇವರಿಗೂ ಮಗ ಲೂಸಿಫರ್‌ಗೂ ಇರುವ ಮುನಿಸು ಅರ್ಥವಾಗುವುದಿಲ್ಲ. ಮೈದಾನದ ತುಂಬ ಆಟಗಾರರು ಕುಣಿಯುವ ದೃಶ್ಯ ಮಾತ್ರ ಬಿಡಿಯಾಗಿ ನೋಡಿದರೂ ಚೆಂದ.

ಇನ್ನು ಕೆಲವು, ಚುಟುಕಾಗಿ

ಯೋಧೆಯೊಬ್ಬಳ ಕತೆ 'ಜೀನಾ'ದ 3ನೇ ಸೀಸನ್ನಿನ 'ದಿ ಬಿಟರ್ ಸೂಟ್' 1998ರದು, ಅಂದರೆ ಬಫಿಗೂ ಹಿಂದಿನದು. ಜೋಸೆಫ್ ಲೊಡೂಕಾ ಸಂಗೀತ. ಜೀನಾ ಪಾತ್ರದ ಲೂಸಿ ಲಾಲೆಸ್ ತಾವೇ ಹಾಡಿದ್ದಾರೆ, ಅವಳ ಗೆಳತಿ ಗೇಬ್ರಿಯೆಲ್ ಪಾತ್ರಕ್ಕೆ ಬೇರೆ ಗಾಯಕಿಯ ಕಂಠ. ಹಿನ್ನೆಲೆ ಗಾಯನ ನಮಗೆ ಹೊಸತಲ್ಲವಾದ್ದರಿಂದ ಅಲ್ಲಿನವರಿಗೆ ಕಂಡ ಕೊರತೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕಿಂತ ಮುಂಚೆ ಅದೇ ಸೀಸನ್ನಿನ 4, 5, 11ನೇ ಕಂತು ನೋಡಿರಬೇಕು. ಆರಂಭದ ಹಿಂಸೆ ಜೋರಾಗಿಯೇ ಇದೆ.

'ಇಟ್ಸ್ ಆಲ್ವೇಸ್ ಸನ್ನಿ ಇನ್ ಫಿಲಡೆಲ್ಫಿಯಾ'ದ 'ದಿ ನೈಟ್‌ಮ್ಯಾನ್ ಕಮೆತ್' (2008) ನಾಟಕದೊಳಗಿನ ನಾಟಕ. ಹಾಡು ಬರೆದವನಿಗೆ ತಾನು ಏನು ಬರೆದಿದ್ದೇನೆಂದು ತಿಳಿಯದಿರುವುದೇ ತಮಾಷೆ. ಇಪ್ಪತ್ತು ಚಿಲ್ಲರೆ ನಿಮಿಷ, ಪೂರ್ವತಯಾರಿ ಬೇಕಿಲ್ಲ, ಆದರೆ ವಯಸ್ಕರಿಗೆ ಮಾತ್ರ. ಹಾಸ್ಟೆಲ್ ರೂಮಿಗೆ ಸರಿ, ಹಿರಿಯರಿರುವ ಕೋಣೆಗಲ್ಲ. 'ಕಮ್ಯುನಿಟಿ'ಯ 3ನೇ ಸೀಸನ್ನಿನ 10ನೇ ಕಂತು (2011) 'ಗ್ಲೀ'ಯ ಅಣಕ. 'ಗ್ಲೀ' ನೋಡದವರಿಗೆ ಅಣಕ ಯಾರದೆಂದೇ ಗೊತ್ತಾಗದು.

ಮಕ್ಕಳಿದ್ದವರು ಹುಡುಕಬೇಕಾದ್ದು 'ಫೀನಿಯಸ್ ಅಂಡ್ ಫರ್ಬ್'. ಅದರ ಮೊದಲ ಕಂತು 'ರೋಲರ್‌ಕೋಸ್ಟರ್' ಹನ್ನೊಂದು ನಿಮಿಷದ್ದು. ಅದೇ ಕತೆಯನ್ನು 2011ರಲ್ಲಿ 'ರೋಲರ್‌ಕೋಸ್ಟರ್: ದಿ ಮ್ಯೂಸಿಕಲ್!' ಎಂದು ಪೂರ್ತಿ ಹಾಡಿನಲ್ಲಿ ಮತ್ತೆ ಹೇಳಿದರು. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಹಾಡು ಬಂದಾಗ ಕತೆ ಎಲ್ಲಿ ಹಿಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಶಾಲಾ ಮಕ್ಕಳಿಗೆ ನಾಟಕ ಮಾಡಿಸುವ ಮೇಷ್ಟ್ರುಗಳಿಗೆ ಇಷ್ಟು ಅಗ್ಗದ ಪಾಠ ಬೇರೆ ಸಿಗಲಾರದು.

ಒಂದೇ ಎಪಿಸೋಡ್ ಸಾಲದು, ಹಾಡುವ ಧಾರಾವಾಹಿಯೇ ಬೇಕೆನ್ನುವವರ ದಾರಿ ಬೇರೆ. 'ಗ್ಯಾಲವೆಂಟ್' (2015-16) ಅರ್ಧ ಗಂಟೆಯ 18 ಕಂತು. ರಾಜ, ರಾಣಿ, ವೀರರ ಗೇಲಿ. ಡಿಸ್ನಿ ಸಿನಿಮಾಗಳ ಅಲನ್ ಮೆಂಕೆನ್ ಸಂಗೀತ. ಕಂಪನಿ ನಾಟಕದ ರುಚಿ ಹತ್ತಿದವರಿಗೆ ಇದು ಬೇಗ ಒಗ್ಗುತ್ತದೆ. 'ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್' (2015-19) ನಾಲ್ಕು ಸೀಸನ್, ಮನೋರೋಗವನ್ನು ಹಾಡಿನಲ್ಲಿ ಇಷ್ಟು ಸೂಕ್ಷ್ಮವಾಗಿ ಬಿಡಿಸಿದ್ದು ಬೇರೆಲ್ಲೂ ಇಲ್ಲ, ಸಾಹಿತ್ಯ ಮಾತ್ರ ಖಾರ. ಬಿಬಿಸಿಗೆ ಡೆನಿಸ್ ಪಾಟರ್ ಬರೆದ 'ಪೆನ್ನೀಸ್ ಫ್ರಮ್ ಹೆವನ್' (1978), 'ದಿ ಸಿಂಗಿಂಗ್ ಡಿಟೆಕ್ಟಿವ್' (1986) ತಲಾ ಆರು ಕಂತು. ಹಳೆಯ ಗ್ರಾಮಫೋನ್ ಹಾಡಿಗೆ ನಟರು ತುಟಿಯಾಡಿಸುತ್ತಾರೆ, ಬಾಯಿ ನಗುತ್ತಿದ್ದರೆ ಬದುಕು ಅಳುತ್ತಿರುತ್ತದೆ. ಹೆಗ್ಗೋಡಿನಲ್ಲಿ ಕಲಿತವರು ನೋಡಲೇಬೇಕಾದ್ದು ಈ ಎರಡು. ಪೊಲೀಸರು ಪ್ರತಿ ವಾರ ಹಾಡುವ 'ಕಾಪ್ ರಾಕ್' (1990) 11 ಕಂತಿಗೇ ನಿಂತಿತು. ಅದು ಕುತೂಹಲಕ್ಕೆ ಸಾಕು.

ಮಲೆನಾಡಿನ ಮಳೆಯಲ್ಲಿ ನೋಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಷ್ಟ ಮೂರು: ಕರೆಂಟು, ಸಿಗ್ನಲ್, ಸದ್ದು. ಮಾತಿನ ಧಾರಾವಾಹಿ ನಡುವೆ ಬಫರ್ ಆದರೆ ಸಹಿಸಿಕೊಳ್ಳಬಹುದು, ಹಾಡು ನಡುವೆ ನಿಂತರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಡೌನ್‌ಲೋಡ್ ಮಾಡಿಟ್ಟುಕೊಂಡೇ ನೋಡಿ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಗಂಟೆಗೆ ಮಧ್ಯಮ ಗುಣಮಟ್ಟಕ್ಕೆ 0.7 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ ಬೇಕು. ಉಳಿದ ಆ್ಯಪ್‌ಗಳೂ ಹೆಚ್ಚುಕಡಿಮೆ ಇದರ ಆಸುಪಾಸೇ. ದಿನಕ್ಕೆ 1.5 ಜಿಬಿಯ ಪ್ಲ್ಯಾನ್ ಇದ್ದವರಿಗೆ ಬಫಿಯ ತಯಾರಿ ಮತ್ತು ಎಪಿಸೋಡ್ ಸೇರಿ ಸುಮಾರು 3 ಜಿಬಿ, ಅಂದರೆ ಎರಡು ದಿನದ ಡೇಟಾ. ಸ್ಕ್ರಬ್ಸ್ ಒಂದೇ ಆದರೆ 0.3 ಜಿಬಿಯಲ್ಲಿ ಮುಗಿಯುತ್ತದೆ.

ಸದ್ದಿನ ವಿಷಯ ಇನ್ನೂ ಮುಖ್ಯ. ಹಂಚು, ತಗಡಿನ ಮೇಲೆ ಮಳೆ ಹೊಡೆಯುವಾಗ ಟಿವಿಯ ಸಣ್ಣ ಸ್ಪೀಕರಿನಲ್ಲಿ ಮೊದಲು ಮುಳುಗುವುದು ಹಾಡುವ ಕಂಠ, ವಾದ್ಯವಲ್ಲ. ಅನೇಕ ಆ್ಯಪ್‌ಗಳು 5.1, ಅಂದರೆ ಆರು ಸ್ಪೀಕರಿಗೆ ಹಂಚಿದ ಧ್ವನಿ ಕಳಿಸುತ್ತವೆ, ಅದರಲ್ಲಿ ಕಂಠ ನಡುವಿನ ಸ್ಪೀಕರಿಗೆ ಮೀಸಲು. ಎರಡೇ ಸ್ಪೀಕರ್ ಇರುವ ಟಿವಿಯಲ್ಲಿ ಅದು ತಗ್ಗಿಬಿಡುತ್ತದೆ. ಆಡಿಯೋ ಆಯ್ಕೆಯಲ್ಲಿ ಸ್ಟೀರಿಯೋ ಇದ್ದರೆ ಅದನ್ನೇ ಆರಿಸಿ. ಬ್ಲೂಟೂತ್ ಸ್ಪೀಕರ್ ಬೇಡ. ಸದ್ದು ತಡವಾಗಿ ಬಂದು ತುಟಿಗೂ ಹಾಡಿಗೂ ತಾಳೆಯಾಗುವುದಿಲ್ಲ. ಟಿವಿಯ ಆಡಿಯೋ ಡಿಲೇ ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದೇ ಹೊರತು ಮುಂದಕ್ಕೆ ತರಲಾರದು. ತಂತಿಯ ಹೆಡ್‌ಫೋನ್, ಇಲ್ಲವೇ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಟಿವಿಯ ಕಿಂಡಿಗೆ ತಂತಿಯಿಂದ ಜೋಡಿಸಿದ ಸೌಂಡ್‌ಬಾರ್ ಸರಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಟಿವಿಯಲ್ಲಿ ಇದ್ದರೆ ಅದನ್ನು ಆಫ್ ಮಾಡಿ, ನೃತ್ಯದ ಹೆಜ್ಜೆ ತೇಲಿದಂತೆ ಕಾಣುವುದು ಅದರಿಂದಲೇ.

ಸಬ್‌ಟೈಟಲ್ ಪಟ್ಟಿಯಲ್ಲಿ 'ಸಿಸಿ' ಎಂದಿರುವ ಇಂಗ್ಲಿಷನ್ನು ಆರಿಸಿ. ಕಿವಿ ಕೇಳದವರಿಗೆಂದು ಮಾಡಿದ ಅದರಲ್ಲಿ ಹಾಡಿನ ಸಾಲೂ, ಹಾಡುವವರ ಹೆಸರೂ ಇರುತ್ತದೆ. ಸಾದಾ ಸಬ್‌ಟೈಟಲ್ ಕೆಲವೊಮ್ಮೆ ಮಾತಿಗಷ್ಟೇ ಇದ್ದು ಹಾಡು ಬಂದಾಗ ಸುಮ್ಮನಾಗುತ್ತದೆ. ಮೊದಲ ಹಾಡಿನಲ್ಲೇ ಪರೀಕ್ಷಿಸಿ. ಹಿಂದಿ ಡಬ್ಬಿಂಗ್ ಇದ್ದರೂ ಮೂಲ ಭಾಷೆಯಲ್ಲೇ ನೋಡಿ, ಪ್ರಾಸದ ಮೇಲೆ ನಿಂತ ಜೋಕು ಡಬ್ಬಿಂಗಿನಲ್ಲಿ ಉಳಿಯುವುದು ಕಷ್ಟ.

ದುಡ್ಡು ಕಟ್ಟುವ ಮುಂಚೆ ಜಸ್ಟ್‌ವಾಚ್ ತಾಣದಲ್ಲಿ ದೇಶ ಭಾರತ ಎಂದಿಟ್ಟು ಧಾರಾವಾಹಿಯ ಹೆಸರು ಹುಡುಕಿ. ಯಾವುದು ಯಾವ ಓಟಿಟಿಯಲ್ಲಿದೆ ಎಂಬುದು ಬದಲಾಗುತ್ತಲೇ ಇರುತ್ತದೆ. ಧಾರಾವಾಹಿ ಇದ್ದರೂ ನಿಮಗೆ ಬೇಕಾದ ಸೀಸನ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಂದು ಎಪಿಸೋಡಿಗಾಗಿ ವರ್ಷದ ಚಂದಾ ಕಟ್ಟುವುದು ದಂಡ, ತಿಂಗಳದ್ದೇ ಸಾಕು. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ದರ ಇಳಿಸಿದಾಗ ಮೊಬೈಲ್ ಪ್ಲ್ಯಾನ್ ತಿಂಗಳಿಗೆ 149 ರೂಪಾಯಿ ಆಯಿತು. ಆದರೆ ಅದು ಫೋನು, ಟ್ಯಾಬ್‌ಗೆ ಮಾತ್ರ, ಟಿವಿಯಲ್ಲಿ ಬಾರದು. ಮನೆಮಂದಿ ಕೂತು ನೋಡುವ ಯೋಜನೆ ಇದ್ದವರು ಅಗ್ಗವೆಂದು ಅದನ್ನು ಹಾಕಿಸಿಕೊಂಡು ಪೇಚಿಗೆ ಬೀಳುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಇವತ್ತು ರಾತ್ರಿಯೇ ನೋಡಬೇಕು, ಏನೂ ಗೊತ್ತಿಲ್ಲ ಎನ್ನುವವರಿಗೆ ಸ್ಕ್ರಬ್ಸ್. ಒಂದು ಶನಿವಾರ ಪೂರ್ತಿ ಕೈಯಲ್ಲಿದ್ದರೆ ಬಫಿ, ಮೇಲೆ ಹೇಳಿದ ಐದು ಕಂತಿನ ದಾರಿಯಲ್ಲಿ. ಅಷ್ಟು ಹೊತ್ತಿಲ್ಲ, ಆದರೆ ಹಾಡಿಗೆ ತೂಕವೂ ಇರಬೇಕು ಎಂದರೆ ಸ್ಟಾರ್ ಟ್ರೆಕ್. ಪಿಯುಸಿ ಮಕ್ಕಳಿರುವ ಮನೆಗೂ ಅದೇ. ಹಿರಿಯರು, ಕಿರಿಯರು ಒಟ್ಟಿಗೆ ಕೂರುವುದಾದರೆ 'ಡ್ಯುಯೆಟ್', ಪುಟ್ಟವರಿಗೆ 'ಫೀನಿಯಸ್ ಅಂಡ್ ಫರ್ಬ್'. ಬಫಿ ಮತ್ತು ಸ್ಟಾರ್ ಟ್ರೆಕ್ ನಡುವೆಯೇ ತೂಗಾಡುತ್ತಿರುವವರು ಒಂದು ಪ್ರಶ್ನೆ ಕೇಳಿಕೊಳ್ಳಿ: ಕೊನೆಯಲ್ಲಿ ಎಲ್ಲರೂ ಒಂದಾಗಿ ಹಾಡುವುದು ನಿಮಗೆ ಬೇಕೋ, ಎಲ್ಲರೂ ಹಾಡಿ ಮುಗಿಸಿ ಇನ್ನೇನು ಮಾಡುವುದೆಂದು ತಿಳಿಯದೆ ನಿಲ್ಲುವುದು ಬೇಕೋ? ಮೊದಲನೆಯದಕ್ಕೆ ಸ್ಟಾರ್ ಟ್ರೆಕ್, ಎರಡನೆಯದಕ್ಕೆ ಬಫಿ.

ಕಾಲೇಜಿನ ಸಭಾಂಗಣದಲ್ಲೋ ಸಿನಿಮಾ ಸಂಘದಲ್ಲೋ ಹಾಕಿ ತೋರಿಸುವ ಆಲೋಚನೆ ಇದ್ದರೆ, ಮನೆಯ ಓಟಿಟಿ ಚಂದಾ ಅದಕ್ಕೆ ಸಲ್ಲುವುದಿಲ್ಲ. ಅದು ಸ್ವಂತ ಬಳಕೆಗಷ್ಟೇ ಕೊಟ್ಟ ಪರವಾನಗಿ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು, ಅದು ಕೈಸೇರಲು ಸಮಯ ಹಿಡಿಯುತ್ತದೆ. ದಿನಾಂಕ ಗೊತ್ತುಮಾಡಿ ಕರಪತ್ರ ಅಚ್ಚು ಹಾಕಿಸುವುದಕ್ಕೆ ಮೊದಲೇ ಪತ್ರ ಬರೆಯಿರಿ.